ಇಂಜೆಕ್ಷನ್ ದಿನದ ದೋಸೆ

ಹುದುಗಿದ ದೋಸೆ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದಾಗಲೆಲ್ಲ ನನಗೆ ಜಾಲಹಳ್ಳಿ ಕ್ವಾರ್ಟರ್ಸಿನ ಆ ದಿನ ನೆನಪಾಗುತ್ತದೆ.

ಬೆಳಿಗ್ಗೆ ಅಪ್ಪ ಎಂದಿನಂತೆ ನನಗೆ ಸೊಟ್ಟ ಜಡೆ ಹೆಣೆದರು. ಸ್ತನ ಕ್ಯಾನ್ಸರಿನ ಇಂಜೆಕ್ಷನ್ ಇದ್ದಾಗಲೆಲ್ಲ ಅಮ್ಮ ಹಿಂದಿನ ದಿನವೇ ದೊಡ್ಡ ಪಾತ್ರೆ ತುಂಬ ಹಿಟ್ಟು ರುಬ್ಬಿ ಇಡುತ್ತಿದ್ದಳು. ಆಮೇಲೆ ವಾರವಿಡೀ ಅವಳಿಗೆ ಒಗ್ಗರಣೆಯ ವಾಸನೆಯೇ ಆಗುತ್ತಿರಲಿಲ್ಲ. ಅಪ್ಪನಿಗೆ ದೋಸೆ ಬಿಟ್ಟರೆ ಬೇರೇನೂ ಮಾಡಲು ಬರುತ್ತಿರಲಿಲ್ಲ.

ಅಂದು ನಾನು ಸ್ಕೂಲಿನಿಂದ ಬಂದಾಗ ಅಮ್ಮ ಮಲಗಿರಲಿಲ್ಲ. ತಲೆಗೆ ಹತ್ತಿಯ ಸ್ಕಾರ್ಫ್ ಕಟ್ಟಿಕೊಂಡು ಕಾವಲಿಯ ಮುಂದೆ ನಿಂತಿದ್ದಳು. ಅಪ್ಪ ಫೋನಿನಲ್ಲಿ ಅಜ್ಜಿಗೆ ಹೇಳುತ್ತಿದ್ದರು: "ಸ್ಕ್ಯಾನಲ್ಲಿ ಗಡ್ಡೆ ಕರಗೇ ಇಲ್ವಂತಮ್ಮ, ಇನ್ನೂ ದೊಡ್ಡದಾಗಿದೆಯಂತೆ. ಔಷಧಿ ಬದಲಾಯಿಸ್ಬೇಕು ಅಂತ ಇವತ್ತು ಇಂಜೆಕ್ಷನ್ ಕೊಡ್ಲಿಲ್ಲ."

"ಹಿಟ್ಟು ಹುಳಿಯಾಗುತ್ತೆ, ತಟ್ಟೆ ತಗೊಂಡ್ ಬಾ ಪುಟ್ಟಿ," ಎಂದಳು ಅಮ್ಮ. ದೋಸೆಯ ಅಂಚು ಗರಿಗರಿಯಾಗಿತ್ತು, ನಡುವೆ ಮೆತ್ತಗಿತ್ತು. ನಾನು ಸಾಕೆಂದರೂ ಅವಳು ಹುಯ್ಯುತ್ತಲೇ ಇದ್ದಳು. ಅಪ್ಪನ ತಟ್ಟೆಯಲ್ಲಿ ಮೊದಲ ದೋಸೆ ಆರಿಹೋಗಿತ್ತು.

ಸಂಜೆ ಉಳಿದ ದೋಸೆ ಕೊಡಲು ಅಮ್ಮನೂ ನಾನೂ ಪಕ್ಕದ ಮನೆಗೆ ಹೋದೆವು. ಆಂಟಿ ತಟ್ಟೆ ತೆಗೆದುಕೊಳ್ಳುತ್ತಾ ಅಮ್ಮನನ್ನು ನೋಡಿ, "ಇವತ್ತು ಮುಖದಲ್ಲಿ ಕಳೆ ಇದೆ ಕಣ್ರೀ, ಈ ಸಲ ಇಂಜೆಕ್ಷನ್ ನಿಮಗೆ ಒಗ್ತು ಅನ್ಸುತ್ತೆ," ಎಂದರು.