ಸೊಸೆಯ ಈಮೇಲ್

ಈಮೇಲ್ ಕಂಪನಿಗಳೆಲ್ಲ ಬಾಗಿಲು ಹಾಕಿದ ಮೇಲೆ, ಆಯಾ ಮನೆಯ ಈಮೇಲ್ ಆ ಮನೆಯ ಯಜಮಾನರ ಕಂಪ್ಯೂಟರಿಗೇ ಬರುವುದು ರೂಢಿಯಾಗಿತ್ತು. ಪಂಕಜಮ್ಮನ ಮನೆಯಲ್ಲಿ ಬೆಳಗಿನ ಕಾಫಿ ಹೊತ್ತಿಗೆ ಯಜಮಾನರು ಎಲ್ಲರದನ್ನೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಪಂಕಜಮ್ಮನ ತಂಗಿ ಬರೆದದ್ದಾದರೆ ತಪ್ಪುಗಳನ್ನು ತಿದ್ದಿಯೂ ಓದುತ್ತಿದ್ದರು.

ಹೊಸ ಸೊಸೆ ವಾರಿಜ ಬಂದ ವಾರದಲ್ಲೇ ತವರಿನಿಂದ ತಂದ ಕಂಪ್ಯೂಟರನ್ನು ಊಟದ ಮೇಜಿನ ಮೇಲಿಟ್ಟು, ಅದರಲ್ಲಿ ತನ್ನದೇ ಈಮೇಲ್ ಇನ್‌ಸ್ಟಾಲ್ ಮಾಡಲು ಕೂತಳು.

"ಇದೇನಮ್ಮ, ಒಂದೇ ಮನೇಲಿ ಎರಡು ಒಲೆ ಹೂಡ್ತೀಯಾ?" ಎಂದರು ಪಂಕಜಮ್ಮ. ಯಜಮಾನರು ಹೇಳಿ ಕಳಿಸಿದ ಮಾತನ್ನು ಹಾಗೆಯೇ ಒಪ್ಪಿಸಿದ್ದರು.

"ಒಲೆ ಒಂದೇ ಇರ್ಲಿ ಅತ್ತೆ. ನಮ್ಮಮ್ಮ ನನಗೆ ಬರೆದಿದ್ದನ್ನ ನಾನೇ ಓದ್ಕೋತೀನಿ, ಅಷ್ಟೇ."

ಪಂಕಜಮ್ಮ ಅವರೆಕಾಯಿ ಬುಟ್ಟಿಯೊಂದಿಗೆ ಅಲ್ಲೇ ಕೂತರು. ಪರದೆಯ ಮೇಲೆ ಹಸಿರು ಪಟ್ಟಿ ಮೆಲ್ಲಗೆ ತುಂಬಿತು. ಹಜಾರದಲ್ಲಿ ಯಜಮಾನರು ಕೆಮ್ಮಿದರು.

"ಇದರಲ್ಲಿ ಇನ್ನೊಬ್ಬರಿಗೆ ಜಾಗ ಇದ್ಯಾ?" ಪಂಕಜಮ್ಮ ದನಿ ತಗ್ಗಿಸಿ ಕೇಳಿದರು.

"ಇದೆ. ಯಾರಿಗೆ?"

"ನನಗೇ ಕಣೆ."

ವಾರಿಜ ಅವರ ಹೆಸರು ಸೇರಿಸಿ, "ಪಾಸ್‌ವರ್ಡ್ ಏನಿಡ್ಲಿ ಅತ್ತೆ?" ಎಂದಳು.

ಪಂಕಜಮ್ಮ ಸೆರಗಿಗೆ ಕೈ ಒರೆಸಿಕೊಂಡು, ಕೀಬೋರ್ಡನ್ನು ತಮ್ಮ ಕಡೆಗೆ ಎಳೆದುಕೊಂಡರು.

"ನೀನು ಸ್ವಲ್ಪ ಆ ಕಡೆ ತಿರುಗಮ್ಮ."