ಚೀಟಿಯ ಮೇಲಿನ ಚಂದ್ರ

ಓದು ಬಾರದ ರೋಗಿಗಳಿಗಾಗಿ ಮಾತ್ರೆಯ ಚೀಟಿಯ ಮೇಲೆ ಚಿತ್ರ ಬರೆಯುವುದು ಆ ಸಂಶೋಧಕಿ ಆರಿಸಿಕೊಂಡ ವಿಷಯ. ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ. “ಇದೇನು?” ಎಂದು ಒಂದು ಊರಿನವರನ್ನು ಕೇಳಿದಾಗ ಒಬ್ಬರೂ ತಪ್ಪಲಿಲ್ಲ. ಪ್ರಬಂಧ ಅಚ್ಚಾಯಿತು, ಬಹುಮಾನವೂ ಬಂತು.

ಆಷಾಢದಲ್ಲಿ ಅದೇ ಊರಿನ ಕಲ್ಲವ್ವನಿಗೆ ಲಕ್ವ ಹೊಡೆಯಿತು. ಸುದ್ದಿ ಕೇಳಿ ಸಂಶೋಧಕಿ ಓಡಿ ಬಂದಳು. ಹಾಸಿಗೆಯ ಪಕ್ಕದಲ್ಲಿ ಬಿಪಿ ಮಾತ್ರೆಗಳು ಹಾಗೇ ಉಳಿದಿದ್ದವು.

“ರಾತ್ರಿ ಗುಳಿಗಿ ಯಾಕ ಕೊಟ್ಟಿಲ್ಲ?” ಎಂದು ಕಲ್ಲವ್ವನ ಸೊಸೆಯ ಮೇಲೆ ರೇಗಿದಳು.

“ದಿನಾ ಕೊಡಾಕ ಹೋಗತಿದ್ನಿ ಅಕ್ಕಾರ, ಅತ್ತಿ ಕೇಳಲಿಲ್ಲ. ಚೀಟಿ ತೋರಿಸಿ, ಸಂಕಷ್ಟಿ ದಿನ ಉಂಡಂಗ ಇದನ್ನೂ ಚಂದ್ರಾಮನ್ನ ನೋಡೇ ನುಂಗಬೇಕು ಅಂತಿದ್ರು. ಅಂಗಳದಾಗ ಕುಂತು ಕಾದ್ರು.”

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹದಿನೈದು ದಿನ ಆತ್ರಿ, ಮೋಡ ಸರದೇ ಇಲ್ಲ.”