ಗಾಜಿನಲ್ಲಿ ಕಂಡ ಆಸ್ಪತ್ರೆ

ಭರವಸೆ ಕೊಡುವವರು ಯಾರೇ ಆಗಲಿ, ತಾವು ಗೆದ್ದರೆ ಐದು ವರ್ಷಕ್ಕೆ ಊರು ಹೇಗಿರುತ್ತದೋ ಅದನ್ನು ಸುಳ್ಳಾಡದ ಗಾಜಿನಲ್ಲಿ ತೋರಿಸಿಯೇ ವೋಟು ಕೇಳಬೇಕು ಎಂಬುದು ನಿಯಮ. ವಿರೋಧ ಪಕ್ಷದ ಬಾಪೂಗೌಡರೂ ಜೀಪಿನಿಂದ ಗಾಜು ಇಳಿಸಿ, ಪಂಚಾಯ್ತಿ ಕಟ್ಟೆಗೆ ಒರಗಿಸಿ, ಮುಚ್ಚಿದ ಬಟ್ಟೆ ಸರಿಸಿದರು.

ಜನ ಹೋ ಎಂದರು. ಊರ ಬಯಲಿನಲ್ಲಿ ಬೆಳ್ಳಗೆ ಹೆರಿಗೆ ಆಸ್ಪತ್ರೆ ನಿಂತಿತ್ತು.

"ಆಳೋರ ಗಾಜಿನ್ಯಾಗ ಬರೇ ಜಾಲಿಕಂಟಿ ಕಂಡಿತ್ತು. ಈಗ ನೋಡ್ರಿ!" ಎಂದರು ಗೌಡರು.

ಓದು ಬಾರದ ಫಕೀರವ್ವ ಪಕ್ಕದಲ್ಲಿದ್ದ ತುಂಬುಗರ್ಭಿಣಿ ಸೊಸೆಯನ್ನು ತಿವಿದಳು. "ಬೋರ್ಡಿನ ಮ್ಯಾಲ ಏನ್ ಬರದೈತಿ, ಓದ ಸುವರ್ಣಾ."

"ಹೆರಿಗೆಯಲ್ಲಿ ತೀರಿಕೊಂಡ ನಮ್ಮೂರ ಸೊಸೆ ಸುವರ್ಣಾಳ ನೆನಪಿಗೆ..." ಎಂದು ಓದಿದ ಸುವರ್ಣಾ ಅತ್ತೆಯ ಕಡೆ ತಿರುಗಿದಳು.

ಫಕೀರವ್ವ ಮರುಗಳಿಗೆಯೇ ಸೊಸೆಯ ರಟ್ಟೆ ಹಿಡಿದು ಗೌಡರ ಜೀಪು ಹತ್ತಿಸಿದಳು. "ಏ ಡ್ರೈವರಾ, ಪ್ಯಾಟಿ ದವಾಖಾನಿಗೆ ಹೊಡಿ! ಬಾಯಿ ಏನ್ ನೋಡ್ತಿ?"

ಜೀಪು ಶುರುವಾಯಿತು. ಗಾಜಿನಲ್ಲಿ ಆಸ್ಪತ್ರೆಯ ಗೋಡೆ ಮಸುಕಾಗುತ್ತ ಹೋಗಿ, ಅದರ ಹಿಂದೆ ಜಾಲಿಕಂಟಿ ಕಾಣಿಸತೊಡಗಿತು.

"ತಡೀರಿ! ಆಸ್ಪತ್ರಿ ಹೊಂಟೈತಿ!" ಎಂದು ಯಾರೋ ಕಿರುಚಿದರು.

"ಗೌಡ್ರ, ನೀವರೆ ಹೇಳ್ರಿ!" ಎಂದಳು ಫಕೀರವ್ವ. ಗೌಡರು ಗಾಜಿನಿಂದ ಕಣ್ಣು ಕೀಳಲಿಲ್ಲ.

ಜೀಪಿಗೆ ಮೊದಲು ಅಡ್ಡ ಬಂದವಳು ನೆರೆಮನೆಯ ಸಂಗವ್ವ. ಸೀಮಂತದ ಕುಬಸದ ದಿನ ಸುವರ್ಣಾಳಿಗೆ ಕೈಯಾರೆ ಬಳೆ ತೊಡಿಸಿದವಳು ಅವಳೇ.

"ಅಕೀನ ಇಳಸ, ಫಕೀರವ್ವಾ," ಎಂದಳು ಸಂಗವ್ವ ಅಳುತ್ತ. "ಮುಂದ ನನ್ನ ಮಗಳೂ ಹಡಿಯಾಕಿ ಅದಾಳ."